ಹದಿನೆಂಟನೆಯ ತಲೆ

ನಮ್ಮೂರಿನ ದಕ್ಕೆಯಿಂದ ಲಾಂಚು ಹೊರಡುವ ಮುಂಚೆ ತಾಂಡೇಲ ಬುಡನ್ ಸಾಹೇಬರು ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಎಣಿಸುತ್ತಾರೆ. ಲಾಂಚು ನಡೆಸುವವರೂ ಅವರೇ, ಜನರನ್ನು ಎಣಿಸುವವರೂ ಅವರೇ. ದೂರದಿಂದ ಬೆರಳು ತೋರಿಸಿ ಎಣಿಸಿದರೆ ಅವರಿಗೆ ಸಮಾಧಾನವಿಲ್ಲ. ಊರಿನ ಅಮಲ್ದಾರನಾಗಲಿ, ಮೀನು ಮಾರುವವಳಾಗಲಿ, ಅವರ ಮುಂದೆ ತಲೆ ಬಗ್ಗಿಸಲೇಬೇಕು. ಆ ಸಲ ನಾವು ನಲವತ್ತೆರಡು ಜನ. ನಾನು ಹದಿನೇಳು. ನನ್ನ ಹಿಂದೆ ನಿಂತಿದ್ದ ಮುದುಕ ಹದಿನೆಂಟು. ಎಲೆ ಅಡಿಕೆ ಹಾಕಿ ತುಟಿ ಕೆಂಪಗೆ ಮಾಡಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಮದುವೆಗೆ ಹೊರಟವನ ಹಾಗೆ ನಿಂತಿದ್ದ. ಆ ಕೆಂಪು ಯಾಕೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಎಣಿಸಿದ ಮೇಲೆ ಲಾಂಚು ಊರ ಮುಂದಿನ ಜೋಡಿಬಂಡೆಗಳ ನಡುವೆ ಹಾದು ಹೊಳೆಯ ಮೇಲಕ್ಕೆ ತಿರುಗುತ್ತದೆ. ಅಲ್ಲಿಂದ ಕೊನೆಯದಾದ ತಲೆದಕ್ಕೆಯವರೆಗೆ ಹನ್ನೊಂದು ದಿನದ ದಾರಿ. ಬಂಡೆ ದಾಟಿದಾಗ ಎಷ್ಟು ತಲೆ ಇದ್ದವೋ ತಲೆದಕ್ಕೆ ಮುಟ್ಟುವವರೆಗೂ ಅಷ್ಟೇ ಇರಬೇಕು. ನಡುವೆ ಒಬ್ಬರು ಇಳಿಯಬೇಕಾದರೆ ಅದೇ ದಕ್ಕೆಯಲ್ಲಿ ಇನ್ನೊಬ್ಬರು ಹತ್ತಬೇಕು. ಒಂದು ತಲೆ ಕಡಿಮೆಯಾದರೂ ಲಾಂಚು ಕದಲುವುದಿಲ್ಲ. ಎಂಜಿನ್ನು ಅರಚುತ್ತದೆ, ನೀರು ನೊರೆಯೇಳುತ್ತದೆ, ಲಾಂಚು ಮಾತ್ರ ಕೆಸರಿನಲ್ಲಿ ಕೂತ ಎಮ್ಮೆಯ ಹಾಗೆ ಇದ್ದಲ್ಲೇ ಇರುತ್ತದೆ. ಒಂದು ತಲೆ ಹೆಚ್ಚಾದರೂ ಅದೇ ಪಾಡು. ಆಡು, ಕೋಳಿ, ಗಿಳಿ ಲೆಕ್ಕಕ್ಕಿಲ್ಲ. ಮಗು ಮೊದಲ ಸಲ ಅತ್ತಾಗಿನಿಂದ ಲೆಕ್ಕ. ಮನುಷ್ಯನ ಉಸಿರು ನಿಂತ ಮೇಲೆ ಲೆಕ್ಕವಿಲ್ಲ. ಹಾಗಾಗಿ ತುಂಬು ಬಸುರಿಯರನ್ನೂ ರೋಗಿಗಳನ್ನೂ ಲಾಂಚಿಗೆ ಹತ್ತಿಸುವುದಿಲ್ಲ.

ಇದರಲ್ಲಿ ಅಂಥ ವಿಶೇಷವೇನೂ ನಮಗೆ ಕಾಣುವುದಿಲ್ಲ. ಬಿಸಿಲಿನ ಊರಿನವರು ಕೊಡೆ ಹಿಡಿದು ಓಡಾಡುವ ಹಾಗೆ ನಾವು ಬದಲಿ ಹಿಡಿದು ಓಡಾಡುತ್ತೇವೆ. ಎಲ್ಲಿಗಾದರೂ ಹೋಗಬೇಕಾದರೆ ತಿಂಗಳ ಮುಂಚೆ ಕಾಗದ ಬರೆದು, ನಾನು ಇಳಿಯುವ ಹೊತ್ತಿಗೆ ಹತ್ತುವ ಜನ ಇದ್ದಾರೆಯೇ ಎಂದು ಕೇಳುತ್ತೇವೆ. ದೊಡ್ಡ ದಕ್ಕೆಗಳಲ್ಲಿ ಅದಕ್ಕೆಂದೇ ಕೂತಿರುವವರುಂಟು, ಅವರಿಗೆ ಬದಲಿಯವರು ಅನ್ನುತ್ತೇವೆ. ನಮಗಾಗಿ ಹತ್ತಿ, ಮುಂದಿನ ದಕ್ಕೆಯಲ್ಲಿ ಇನ್ನೊಬ್ಬ ಬದಲಿಗೆ ಜಾಗ ಬಿಟ್ಟು ಇಳಿದು, ತೆಪ್ಪದಲ್ಲಿ ತೇಲಿಕೊಂಡು ವಾಪಸು ಬರುತ್ತಾರೆ. ಸಣ್ಣ ದಕ್ಕೆಗಳಲ್ಲಿ ಅವರಿಲ್ಲ. ಅಲ್ಲಿ ನೆಂಟರೇ ಹತ್ತಬೇಕು. ಬಂದ ನೆಂಟರನ್ನು ಮಾತಾಡಿಸಲು ಮನೆಯ ಯಜಮಾನನೇ ಇರುವುದಿಲ್ಲ ಅಂತ ನಮ್ಮಲ್ಲಿ ನಗೆಯಾಡುತ್ತಾರೆ.

ನನಗೆ ನಗು ಬರುವ ಕಾಲ ಅದಾಗಿರಲಿಲ್ಲ. ನನ್ನ ಮಗಳು ಸುಭದ್ರೆಯನ್ನು ಕೊಟ್ಟಿದ್ದು ಆರು ದಿನದ ದಾರಿಯ ನಾಲ್ಮನೆಗೆ. ಹೆಸರೇ ಹೇಳುವ ಹಾಗೆ ನಾಲ್ಕೇ ಮನೆ, ಎಲ್ಲರೂ ಕಾಡಿನಲ್ಲಿ ಧೂಪದ ಮರ ಕೊರೆದು ಹಾಲುಮಡ್ಡಿ ಇಳಿಸುವವರು. ಚೊಚ್ಚಲು ಹೆರಿಗೆಗೆ ಅವಳನ್ನು ತವರಿಗೆ ಕರೆಸಿಕೊಳ್ಳುವ ಹಾಗಿರಲಿಲ್ಲ, ನಾನೇ ಹೊರಟಿದ್ದೆ. ಎರಡು ವರ್ಷದ ಹಿಂದಿನ ಮಾತು ಅದು. ಹತ್ತಬೇಕಾಗಿದ್ದ ಅಳಿಯ ಸಿದ್ದರಾಜು ಹಿಂದಿನ ದಿನ ಜ್ವರ ಬಂದು ಎಚ್ಚರ ತಪ್ಪಿ ಮಲಗಿದ್ದ. ಉಳಿದವರು ಕಾಡಿನಲ್ಲಿದ್ದರು. ಲಾಂಚು ದಕ್ಕೆಗೆ ತಾಗಿ ಸ್ವಲ್ಪ ಹೊತ್ತು ನಿಂತಿತು. ನನ್ನ ಮಗಳು ಹೊಟ್ಟೆ ಹೊತ್ತುಕೊಂಡು ದಂಡೆಯ ಮೇಲೆ ನಿಂತಿದ್ದಳು, ನಾನು ಕಂಬಿ ಹಿಡಿದು ಇತ್ತ ನಿಂತಿದ್ದೆ. ನಡುವೆ ನಾಲ್ಕು ಮಾರು ನೀರು. ಲಾಂಚು ನನ್ನನ್ನು ಕರೆದುಕೊಂಡು ಮುಂದಕ್ಕೆ ಹೋಯಿತು. ಎರಡು ದಕ್ಕೆ ಆಚೆ ಒಬ್ಬ ಬದಲಿ ಸಿಕ್ಕಿ, ನಾನು ಇಳಿದು, ತೆಪ್ಪ ಹಿಡಿದು ಬರುವಷ್ಟರಲ್ಲಿ ಮಗು ಹುಟ್ಟಿ ಹೋಗಿಬಿಟ್ಟಿತ್ತು. ಸುಭದ್ರೆ ನನ್ನನ್ನು ನೋಡಿ, ಬಂದ್ಯಾ ಅಮ್ಮ, ಅಂದಳು ಅಷ್ಟೇ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ಅವಳು ಮತ್ತೆ ಬಸುರಿ. ದಿನ ತುಂಬಿದ ಹೊತ್ತಿಗೇ ಮತ್ತೆ ಮಡ್ಡಿಯ ಕಾಲ, ಮೂರು ಮನೆಯವರೂ ಕಾಡಿನಲ್ಲಿರುತ್ತಾರೆ. ಈ ಸಲ ಇವರೇ ಹತ್ತುತ್ತಾರೆ, ನೀನು ಇಳಿ, ಒಂದು ದಿನದಲ್ಲಿ ತೆಪ್ಪದಲ್ಲಿ ವಾಪಸು ಬರುತ್ತಾರೆ ಅಂತ ಕಾಗದ ಬರೆದಿದ್ದಳು. ಆ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆಗಳಲ್ಲಿ ಹರಿದುಹೋಗಿತ್ತು.

ಲಾಂಚಿನಲ್ಲಿ ನಮ್ಮ ನಮ್ಮ ಜೋಲಿಯನ್ನು ನಾವೇ ತಂದು ಕೊಕ್ಕೆಗೆ ಕಟ್ಟಿಕೊಳ್ಳಬೇಕು. ಹಗಲೂ ರಾತ್ರಿಯೂ ಅದೇ ಮನೆ. ನನ್ನ ಕಸುಬೇ ಜೋಲಿ ಹೊಲಿಯುವುದು, ಹಾಗಾಗಿ ಯಾರ ಜೋಲಿ ಹೇಗೆ ತೂಗುತ್ತದೆ ಎಂದು ಕಣ್ಣು ತಾನಾಗಿ ಗಮನಿಸುತ್ತದೆ. ನನ್ನ ಬಲಕ್ಕೆ ನೀಲಮ್ಮ ಅನ್ನುವವಳು, ಎತ್ತರದ ದನಿಯ ಹೆಂಗಸು, ಹತ್ತಿದ ಮೊದಲ ಗಳಿಗೆಯಲ್ಲೇ ಕೊಕ್ಕೆಗಾಗಿ ನನ್ನ ಜೊತೆ ಜಗಳ ತೆಗೆದಳು. ಮಗನ ಮದುವೆಗೆ ಏಳನೆಯ ದಿನದ ದಕ್ಕೆಗೆ ಹೊರಟಿದ್ದಳು. ಹುಡುಗ ಬಾಸಿಂಗದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪಾಪದವನ ಹಾಗೆ ಕೂತಿದ್ದ. ಎಡಕ್ಕೆ ಹದಿನೆಂಟನೆಯ ಮುದುಕ, ಹೆಸರು ಚೌಡಪ್ಪ. ಅವರ ಜೋಲಿ ತೂಗುತ್ತಲೇ ಇರಲಿಲ್ಲ. ನೀರಿನ ಚೀಲ ತೂಗುಹಾಕಿದ ಹಾಗೆ ಜೋತು ಬಿದ್ದಿತ್ತು.

ಎರಡನೆಯ ದಿನ ಬೆಳಿಗ್ಗೆ ಅವರ ಕಾಲು ಜೋಲಿಯಿಂದ ಹೊರಗೆ ಇಳಿಬಿದ್ದಿತ್ತು. ಪಾದ ಊದಿ ಹೊಳೆಯುತ್ತಿತ್ತು. ನಾನು ಸೊಳ್ಳೆ ಓಡಿಸುವವಳ ಹಾಗೆ ಬಗ್ಗಿ ಹೆಬ್ಬೆರಳಿಂದ ಕಣಕಾಲಿನ ಹತ್ತಿರ ಒತ್ತಿದೆ. ಗುಳಿ ಬಿತ್ತು. ಬಿದ್ದ ಗುಳಿ ಹಾಗೆಯೇ ಉಳಿಯಿತು. ನಮ್ಮ ಯಜಮಾನರು ಹೋದದ್ದೂ ಹೀಗೆಯೇ. ಗುಳಿ ಕಣಕಾಲಿನಿಂದ ಏರುತ್ತ ಏರುತ್ತ ಮೊಣಕಾಲಿಗೆ ಬಂದ ಮಾರನೆಯ ದಿನ ಅವರು ಉಳಿಯಲಿಲ್ಲ.

ತುಟಿಯ ಕೆಂಪು ಆಗ ಅರ್ಥವಾಯಿತು. ಮುದುಕ ರೋಗ ಮುಚ್ಚಿಟ್ಟು ಬುಡನ್ ಸಾಹೇಬರ ಕಣ್ಣಿಗೆ ಮಣ್ಣೆರಚಿ ಹತ್ತಿದ್ದ. ನಾನು ಸಾಹೇಬರಿಗೆ ಹೇಳಬಹುದಿತ್ತು. ಹೇಳಿ ಏನು ಮಾಡುವುದು? ಇಳಿಸಬೇಕಾದರೂ ಬದಲಿ ಬೇಕು, ನಾಲ್ಮನೆಯವರೆಗೆ ಎಲ್ಲವೂ ಸಣ್ಣ ದಕ್ಕೆಗಳೇ. ಇಳಿಸದೆ ಇದ್ದು ಅವರು ನಾಲ್ಮನೆಗೆ ಮುಂಚೆ ಸತ್ತರೆ ಲಾಂಚು ಸತ್ತ ಜಾಗದಲ್ಲೇ ನಿಲ್ಲುತ್ತದೆ. ಸಾಹೇಬರು ಹತ್ತಿರದ ದಕ್ಕೆಗೆ ಪಾತಿ ದೋಣಿ ಕಳಿಸಿ ಸಿಕ್ಕ ಒಬ್ಬನನ್ನು ಕರೆಸುತ್ತಾರೆ. ನಾಲ್ಮನೆಯ ಹತ್ತಿರ ಅಂದರೆ ಸಿಗುವವನು ಸಿದ್ದರಾಜು ಒಬ್ಬನೇ. ಅವನು ಸತ್ತವನ ಜಾಗಕ್ಕೆ ಬಂದು ಕೂರುತ್ತಾನೆ. ಆಮೇಲೆ ನನ್ನ ಜಾಗಕ್ಕೆ ಯಾರು? ಗಂಡನೂ ಲಾಂಚಿನಲ್ಲಿ, ತಾಯಿಯೂ ಲಾಂಚಿನಲ್ಲಿ, ನನ್ನ ಮಗಳು ಒಬ್ಬಳೇ ಆ ದಂಡೆಯ ಮೇಲೆ. ಇನ್ನೊಂದು ಸಲ ಆ ಕಂಬಿ ಹಿಡಿದು ನಿಲ್ಲುವ ಶಕ್ತಿ ನನಗಿರಲಿಲ್ಲ.

ಹಾಗಾಗಿ ನಾನು ಮುದುಕನನ್ನು ಬದುಕಿಸಲು ಕೂತೆ. ಪುಣ್ಯಕ್ಕಲ್ಲ, ಹೇಳಿಬಿಡುತ್ತೇನೆ. ಲಾಂಚಿನ ಅಡಿಗೆಯವನ ಹತ್ತಿರ ಜಗಳವಾಡಿ ಉಪ್ಪಿಲ್ಲದ ಕೆಂಪಕ್ಕಿ ಗಂಜಿ ಮಾಡಿಸಿದೆ. ಚಮಚದಲ್ಲಿ ಕುಡಿಸಿದೆ. ಮಲಗಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಜೋಲಿಯ ತಲೆಯ ಕಡೆ ಹಗ್ಗ ಬಿಗಿದು ಕುರ್ಚಿಯ ಹಾಗೆ ಎತ್ತರಿಸಿ ಕಟ್ಟಿದೆ. ದಂಡೆಯಲ್ಲಿ ಬೆಳೆದಿದ್ದ ಒಂದು ಬಳ್ಳಿಯ ಬೇರಿನ ಕಷಾಯ ನೀರಿಳಿಸುತ್ತದೆಂದು ಯಾರೋ ಅಂದರು, ಅದನ್ನೂ ಮಾಡಿದೆ. ದಿನವೂ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಹೆಬ್ಬೆರಳಿನದು. ಮೂರನೆಯ ದಿನ ಗುಳಿ ಮೀನಖಂಡದ ನಡುವೆ ಬಿತ್ತು. ನಾಲ್ಕನೆಯ ದಿನ ಇನ್ನೂ ನಾಲ್ಕು ಬೆರಳು ಮೇಲೆ.

ಎರಡೂ ಕಡೆ ಕಾಡು ಹೊಳೆಯ ಮೇಲೆ ಬಗ್ಗಿ ಬಗ್ಗಿ ಬರುತ್ತಿತ್ತು. ಬಳ್ಳಿಗಳು ನೀರಿಗೆ ಇಳಿದಿದ್ದವು, ಮಳೆ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿತ್ತು, ಮಂಗಟ್ಟೆ ಹಕ್ಕಿಗಳು ಗರಗಸ ಎಳೆದ ಹಾಗೆ ರೆಕ್ಕೆ ಬಡಿದು ದಾಟುತ್ತಿದ್ದವು. ಉಳಿದವರು ಕಂಬಿಗೆ ಆತುಕೊಂಡು ನೀರುನಾಯಿಗಳನ್ನು ತೋರಿಸುತ್ತ ಮಾತಾಡುತ್ತಿದ್ದರು. ನಾನು ಕಂಡದ್ದು ಒಂದು ಕಾಲು ಮಾತ್ರ. ಲಾಂಚು ಒಂದೊಂದು ದಕ್ಕೆಯಲ್ಲಿ ನಿಂತಾಗಲೂ, ಇನ್ನೂ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಸಾಹೇಬರೆ, ಎಂದು ಕೇಳಿ ಕೇಳಿ ಅವರ ತಲೆ ತಿಂದೆ. ಅವರು ಗಡ್ಡ ನೀವಿಕೊಳ್ಳುತ್ತ, ಹೊಳೆಗೆ ಅವಸರ ಇಲ್ಲಮ್ಮ, ಅನ್ನುತ್ತಿದ್ದರು.

ನೀಲಮ್ಮನಿಗೆ ಅನುಮಾನ ಬರದೆ ಇರಲಿಲ್ಲ. ಗುರುತು ಪರಿಚಯವಿಲ್ಲದ ಗಂಡಸಿನ ಕಾಲು ಒತ್ತುತ್ತ ಕೂರುವ ವಿಧವೆಯನ್ನು ಕಂಡು ಅವಳ ನಾಲಿಗೆ ಸುಮ್ಮನಿರಲು ಸಾಧ್ಯವೇ? ನಿಮ್ಮ ನೆಂಟರೇ, ಎಂದು ಕೇಳಿದಳು. ದೂರದ ದೊಡ್ಡಪ್ಪ, ಅಂದೆ. ಒಂದು ಸುಳ್ಳಾಯಿತು. ಮುದುಕ ಜೋಲಿಯಲ್ಲಿ ಕಣ್ಣು ಮುಚ್ಚಿಕೊಂಡೇ ನಕ್ಕದ್ದು ನನಗೆ ಕಂಡಿತು.

ಐದನೆಯ ದಿನ ಗುಳಿ ಮೊಣಕಾಲಿಗೆ ಬಂತು. ನಾನು ಬೆರಳು ತೆಗೆದು ಹಾಗೆಯೇ ಕೂತುಬಿಟ್ಟೆ. ನಾಲ್ಮನೆ ಮಾರನೆಯ ದಿನ ಮಧ್ಯಾಹ್ನ. ನಮ್ಮ ಯಜಮಾನರ ಲೆಕ್ಕ ಹಿಡಿದರೆ ಮುದುಕನಿಗೂ ಮಾರನೆಯ ದಿನವೇ. ಬೆಳಿಗ್ಗೆಯೋ ಸಂಜೆಯೋ ಅನ್ನುವುದರಲ್ಲಿ ನನ್ನ ಮಗಳ ಜೀವ ಇತ್ತು. ಆವತ್ತು ಇಳಿಹೊತ್ತಿನಲ್ಲಿ ಗಂಜಿ ಕುಡಿಸುತ್ತಿದ್ದಾಗ ಚಮಚ ವಾಲಿ ಅವರ ಎದೆಯ ಮೇಲೆ ಚೆಲ್ಲಿತು. ಚೌಡಪ್ಪನವರು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

"ನೀವು ಗಂಜಿ ಕುಡಿಸ್ತಿರೋದು ಯಾಕೆ ಅಂತ ನಂಗೆ ಗೊತ್ತು ತಾಯಿ," ಅಂದರು. "ಆದ್ರೂ ಗಂಜಿ ರುಚಿಯಾಗೇ ಇದೆ."

ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವರು ಕೋಪದಿಂದ ಆಡಿದ ಮಾತಲ್ಲ ಅದು. ಆಮೇಲೆ ಉಸಿರು ಹಿಡಿದು ಹಿಡಿದು ತಮ್ಮ ಕಥೆ ಹೇಳಿದರು. ನಲವತ್ತು ವರ್ಷ ಅವರು ಬದಲಿಯಾಗಿದ್ದವರಂತೆ. ಯಾರೋ ಇಳಿಯಲೆಂದು ಹತ್ತಿ, ಇನ್ಯಾರೋ ಹತ್ತಿದರೆಂದು ಇಳಿದು, ಹೊಳೆಯ ನಡುವಿನ ನಾಲ್ಕು ದಕ್ಕೆಗಳಲ್ಲೇ ಆಯುಸ್ಸು ಮುಗಿಸಿದವರು. ಅವರಿಂದ ಎಷ್ಟು ಜನ ಬಾಣಂತನಕ್ಕೆ ಇಳಿದರೋ, ಎಷ್ಟು ಜನ ಮಣ್ಣಿಗೆ ಇಳಿದರೋ. ಅವರು ಇಳಿಯಲಿ ಅಂತ ಒಬ್ಬನೂ ಯಾವತ್ತೂ ಹತ್ತಿದವನಲ್ಲ, ಅವರಿಗೆ ಇಳಿದು ಹೋಗುವಂಥ ಮನೆಯೂ ಇರಲಿಲ್ಲ. ತಲೆದಕ್ಕೆಯಲ್ಲಿ ಮಾತ್ರ ಯಾರ ಹಂಗೂ ಇಲ್ಲದೆ ಎಲ್ಲರೂ ಇಳಿಯಬಹುದು. ಅದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಅಲ್ಲಿ ಹೊಳೆ ಒಂದು ಬಂಡೆಯ ಸಂದಿನಿಂದ ಹುಟ್ಟುತ್ತದಂತೆ, ಕಾಲೆತ್ತಿ ದಾಟಬಹುದಂತೆ, ಅದೊಂದನ್ನು ನೋಡಬೇಕು ಅಂದರು.

ನಾನು ನನ್ನ ಮಗಳ ವಿಷಯವೆಲ್ಲ ಹೇಳಿಬಿಟ್ಟೆ. ಮೊದಲನೆಯ ಮಗುವಿನ ವಿಷಯ ಹೇಳುವಾಗ ಅಳು ಬಂತು. ಅವರು ಎಲೆಯಡಿಕೆಯ ಚೀಲವನ್ನು ಕೈಗೆ ತೆಗೆದುಕೊಂಡರು.

"ನಾಳೆ ಮಧ್ಯಾಹ್ನದವರೆಗೆ ತಾನೆ? ಹಿಡ್ಕೊಂಡಿರ್ತೀನಿ ಬಿಡಿ," ಅಂದರು. "ಬದಲಿಯವನು ಮಾತು ತಪ್ಪಬಾರದು."

ಮಾರನೆಯ ಬೆಳಿಗ್ಗೆ ನಾನು ಅವರ ಕಾಲು ಒತ್ತಲಿಲ್ಲ. ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಕೂತು ಅವರ ಉಸಿರನ್ನೇ ಕೇಳಿಸಿಕೊಳ್ಳುತ್ತಿದ್ದೆ. ಒಂದು ಉಸಿರು ಬಂದು ಇನ್ನೊಂದು ಬರುವುದರೊಳಗೆ ನಾನು ಮೂರು ಸಲ ಉಸಿರಾಡುತ್ತಿದ್ದೆ. ಎಂಜಿನ್ನಿನ ಸದ್ದು ಒಂದಿಷ್ಟು ತಗ್ಗಿದರೂ ಅವರ ಮುಖದ ಹತ್ತಿರ ಬಗ್ಗುತ್ತಿದ್ದೆ. ಚೌಡಪ್ಪನವರು ಕಣ್ಣು ಮುಚ್ಚಿ, ಕೈಯಲ್ಲಿ ಎಲೆಯಡಿಕೆಯ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಸೂರ್ಯ ನೆತ್ತಿಗೆ ಬಂದಾಗ ಹೊಳೆ ತಿರುಗಿತು, ನಾಲ್ಮನೆಯ ದಕ್ಕೆಯ ಮರದ ಗೂಟಗಳು ಕಂಡವು. ಸಾಹೇಬರು ಸೀಟಿ ಊದಿಸಿದರು.

ದಕ್ಕೆಯಲ್ಲಿ ಯಾರೂ ಇರಲಿಲ್ಲ. ಲಾಂಚು ತಾಗಿತು, ಹಲಗೆ ಹಾಕಿದರು, ಮತ್ತೊಂದು ಸೀಟಿ ಊದಿದರು. ಮೇಲಿನ ಮನೆಗಳಲ್ಲಿ ಹೊಗೆ ಏಳುತ್ತಿದ್ದದ್ದು ಒಂದರಿಂದ ಮಾತ್ರ. ನಾನು ಗಂಟು ಎತ್ತಿಕೊಂಡು ಹಲಗೆಯ ಬಾಯಲ್ಲಿ ನಿಂತು ಸುಭದ್ರೆಯ ಹೆಸರು ಕೂಗಿದೆ. ಆಮೇಲೆ ದಿಬ್ಬದಿಂದ ಸಿದ್ದರಾಜು ಎದ್ದು ಬಿದ್ದು ಓಡಿಬಂದ. ಬೆಳಿಗ್ಗೆಯಿಂದ ನೋವು ಕಾಣಿಸಿಕೊಂಡಿದೆ ಅತ್ತೆ, ಬಿಟ್ಟು ಬರೋಕೆ ಆಗಲಿಲ್ಲ, ಬೇಗ ಇಳೀರಿ, ಎಂದು ಏದುಸಿರು ಬಿಡುತ್ತ ಹಲಗೆ ಹತ್ತಿದ. ಬುಡನ್ ಸಾಹೇಬರು ಅವನ ತಲೆಯ ಮೇಲೆ ಕೈಯಿಟ್ಟು, ಹದಿನೇಳು, ಅಂದರು.

ನಾನು ಹಾಗೆಯೇ ಇಳಿದು ಓಡಬೇಕಿತ್ತು. ಆದರೆ ಆ ಮನುಷ್ಯ ಮಾತು ಉಳಿಸಿಕೊಂಡಿದ್ದ. ಒಂದು ಮಾತು ಹೇಳಿ ಬರೋಣ ಎಂದು ಎರಡು ಹೆಜ್ಜೆ ವಾಪಸು ಹೋಗಿ ಚೌಡಪ್ಪನವರ ಜೋಲಿಗೆ ಬಗ್ಗಿದೆ. ಕಣ್ಣು ಅರೆ ತೆರೆದಿತ್ತು. ಬಾಯಿಯ ಹತ್ತಿರ ಕೈ ಹಿಡಿದೆ. ನಾನು ಮೂರು ಸಲ ಉಸಿರಾಡಿದೆ, ಆರು ಸಲ ಉಸಿರಾಡಿದೆ. ಅವರದು ಬರಲಿಲ್ಲ. ಎಲೆಯಡಿಕೆಯ ಚೀಲ ಬೆರಳಿನಿಂದ ಜಾರಿ ಹೊಟ್ಟೆಯ ಮೇಲೆ ಬಿದ್ದಿತ್ತು. ಲಾಂಚು ದಕ್ಕೆಗೆ ತಾಗುವವರೆಗೆ ಹಿಡಿದುಕೊಂಡಿದ್ದು, ತಾಗಿದ ಮೇಲೆ ಬಿಟ್ಟಿದ್ದರು.

ಅಲ್ಲಿ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ದೇವರ ಮುಂದೆಯೂ ಹೇಳಲಾರೆ. ಈಗ ಲಾಂಚಿನಲ್ಲಿ ನಲವತ್ತೆರಡು ತಲೆ ಇರುವುದು ನನ್ನನ್ನು ಹಿಡಿದು. ನಾನು ಇಳಿದರೆ ಲಾಂಚು ನಿಲ್ಲುತ್ತದೆ. ಹೇಳಿದರೆ ಸಾಹೇಬರು ಹಲಗೆ ಎಳೆಸಿ, ಸಿದ್ದರಾಜುವನ್ನು ಹದಿನೆಂಟು ಮಾಡಿ, ನನ್ನನ್ನು ಹದಿನೇಳಾಗಿಯೇ ಉಳಿಸಿಕೊಂಡು ಹೊರಡುತ್ತಾರೆ. ನಾನು ಮುದುಕನ ಕಣ್ಣು ಮುಚ್ಚಿದೆ, ಹೊದಿಕೆಯನ್ನು ಗಲ್ಲದವರೆಗೆ ಎಳೆದೆ, ಮುಖವನ್ನು ಹೊಳೆಯ ಕಡೆ ತಿರುಗಿಸಿದೆ. ಎಲ್ಲರಿಗೂ ಕೇಳುವ ಹಾಗೆ, ಬರ್ತೀನಿ ದೊಡ್ಡಪ್ಪ, ಆರಾಮಾಗಿ ಮಲ್ಕೊಳ್ಳಿ, ಅಂದೆ. ನನ್ನ ದನಿ ನನಗೇ ಯಾರದ್ದೋ ಅನ್ನಿಸಿತು. ಹಲಗೆ ಇಳಿದೆ.

ದಿಬ್ಬದ ಅರ್ಧ ಹತ್ತುವಾಗ ಹಿಂದೆ ಎಂಜಿನ್ನು ಅರಚಿತು. ನಿಂತಿತು. ಮತ್ತೆ ಅರಚಿತು. ನಾನು ತಿರುಗಿ ನೋಡಲಿಲ್ಲ.

ಸುಭದ್ರೆ ಒಳಕೋಣೆಯಲ್ಲಿ ಹಗ್ಗ ಹಿಡಿದು ಮಂಡಿಯೂರಿದ್ದಳು. ನನ್ನನ್ನು ಕಂಡು ಅವಳ ಮುಖ ಹೇಗಾಯಿತೋ, ಅದನ್ನು ನೋಡಲು ಇನ್ನೂ ನಲವತ್ತು ಲಾಂಚು ನಿಲ್ಲಿಸಬೇಕಾಗಿದ್ದರೂ ನಿಲ್ಲಿಸುತ್ತಿದ್ದೆ. ನೀರು ಕಾಯಿಸಿದೆ, ಸೊಂಟ ನೀವಿದೆ. ಹೊರಗೆ ಎಂಜಿನ್ನಿನ ಸದ್ದು ಮೂರನೆಯ ಸಲ ಎದ್ದು ಬಿದ್ದುಹೋಯಿತು. ಅದೇನಮ್ಮ, ಲಾಂಚು ಹೋಗ್ಲಿಲ್ವಾ, ಎಂದು ಅವಳು ಹಲ್ಲು ಕಚ್ಚಿಕೊಂಡೇ ಕೇಳಿದಳು. ಹೋಗುತ್ತೆ ಬಿಡು, ಅಂದೆ. ಆಮೇಲೆ ಕೈಯಿಟ್ಟು ನೋಡಿದೆ. ಕೈಗೆ ಸಿಕ್ಕಿದ್ದು ತಲೆಯಲ್ಲ, ಒಂದು ಸಣ್ಣ ಹಿಮ್ಮಡಿ.

ನಾನು ಎರಡು ಹೆತ್ತವಳು, ನಾಲ್ಕು ಹೆರಿಗೆ ಕಂಡವಳು. ಕಾಲು ಮುಂದಾಗಿ ಬರುವ ಮಗುವನ್ನು ಹೇಗೆ ತೆಗೆಯಬೇಕೆಂದು ನನಗೆ ಗೊತ್ತಿರಲಿಲ್ಲ. ಆಗ ತಿಳಿಯಿತು, ಮೊದಲನೆಯ ಸಲ ನಾನು ಇಳಿದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲವೇನೋ ಅಂತ. ಇಷ್ಟೆಲ್ಲ ಮಾಡಿ ಬಂದು ಈಗಲೂ ಏನೂ ಮಾಡಲಾರೆ ಅಂತ. ಬಾಗಿಲ ಹತ್ತಿರ ನೆರಳು ಬಿತ್ತು. ನೀಲಮ್ಮ ನಿಂತಿದ್ದಳು. ಏರು ಹತ್ತಿ ಬಂದು ಮುಖ ಕೆಂಡವಾಗಿತ್ತು. ಕೆಳಗೆ ನಡೆದದ್ದನ್ನು ಸಿದ್ದರಾಜು ಆಮೇಲೆ ಹೇಳಿದ. ಸಾಹೇಬರು ಮತ್ತೆ ಮೊದಲಿನಿಂದ ಎಲ್ಲರ ತಲೆ ಮುಟ್ಟುತ್ತ ಬಂದು, ಚೌಡಪ್ಪನವರ ಹಣೆಯ ಮೇಲೆ ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲೇ ಇಲ್ಲವಂತೆ.

ಬಯ್ಯಲು ಬಂದವಳು ಅವಳು, ಅದರಲ್ಲಿ ಅನುಮಾನವಿಲ್ಲ. ಬಾಯಿ ತೆರೆದೂ ಇದ್ದಳು. ನನ್ನ ಕೈಯಲ್ಲಿ ಏನಿದೆ ಅನ್ನುವುದನ್ನು ನೋಡಿದಳು. ಬಾಯಿ ಮುಚ್ಚಿ, ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ಬಿಸಿನೀರಿನಲ್ಲಿ ಕೈ ತೊಳೆದುಕೊಂಡಳು. ಪಕ್ಕಕ್ಕೆ ಸರೀರಿ, ಅಂದಳು ಅಷ್ಟೇ. ಅವಳ ತಾಯಿ ಸೂಲಗಿತ್ತಿಯಂತೆ. ಆ ದೊಡ್ಡ ದನಿಯ ಹೆಂಗಸಿನ ಕೈ ಎಷ್ಟು ಮೆತ್ತಗೆ ಕೆಲಸ ಮಾಡಿತು ಅಂದರೆ, ಎಳೆಯಲೂ ಇಲ್ಲ, ಅವಸರವೂ ಇಲ್ಲ. ಮಗುವಿನ ಮೈಗೆ ಬಿಸಿ ಬಟ್ಟೆ ಸುತ್ತಿ ಹಿಡಿದು ಕಾದಳು. ಹೊತ್ತು ಇಳಿಯುವಾಗ ಮಗು ಹುಟ್ಟಿತು, ಹೆಣ್ಣು. ನೀಲಿಯಾಗಿತ್ತು. ನೀಲಮ್ಮ ಅದನ್ನು ಅಂಗೈಯಲ್ಲಿ ಬೋರಲು ಹಾಕಿ ಬೆನ್ನು ಉಜ್ಜಿದಳು, ಉಜ್ಜಿದಳು. ಅತ್ತಿತು. ಲೆಕ್ಕಕ್ಕೆ ಬಂತು ಅಂತ ನನ್ನ ಬಾಯಿಂದ ಹೊರಟಿತು, ಯಾಕೆ ಹಾಗಂದೆನೋ.

ನೀಲಮ್ಮ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಆಮೇಲೆ ಆಡಿದಳು.

"ನಿಮ್ಮ ಮೊಮ್ಮಗು ಉಳೀತು. ನನ್ನ ಮಗನ ಮುಹೂರ್ತ ಹೋಯ್ತು. ಎರಡೂ ನಿಮ್ಮ ತಲೆ ಮೇಲೇ ಇರ್ಲಿ."

ಹಾಗೆಯೇ ಆಯಿತು. ಇಬ್ಬರು ಬೇಕಾಗಿತ್ತು ಈಗ, ಯಾಕೆಂದರೆ ಹೆಂಡತಿಯ ಕೂಗು ಕೇಳಿದ ಸಿದ್ದರಾಜು ಲಾಂಚು ಇಳಿದು ಬಂದವನು ಮತ್ತೆ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ದಕ್ಕೆಗೆ ಪಾತಿ ಕಳಿಸಿದರೆ ಸೆಳೆತದ ಎದುರು ಹೋಗಿ ಬರಲು ನಾಲ್ಕು ದಿನ. ಅದಕ್ಕಿಂತ ಮುಂಚೆ ಮಡ್ಡಿಯವರು ಕಾಡಿನಿಂದ ಬರುತ್ತಾರೆ, ಕಾಯುವುದೇ ಸೈ ಎಂದರು ಸಾಹೇಬರು. ಮೂರು ದಿನ ಲಾಂಚು ಅಲ್ಲೇ ನಿಂತಿತು. ನಿಂತ ಲಾಂಚಿನಿಂದ ಯಾರು ಬೇಕಾದರೂ ಇಳಿಯಬಹುದು, ಹಾಗಾಗಿ ನಾಲ್ಕು ಮನೆಯ ಊರಿನಲ್ಲಿ ನಲವತ್ತು ಜನ. ದಿಬ್ಬದ ತುಂಬ ಒಲೆಗಳು, ಮರಗಳಿಗೆ ಜೋಲಿಗಳು. ಯಾರೂ ನನ್ನನ್ನು ಮಾತಾಡಿಸಲಿಲ್ಲ. ಆದರೆ ಬಾಣಂತಿಗೆ ಅಂತ ಒಬ್ಬರು ಬೆಲ್ಲ, ಒಬ್ಬರು ತುಪ್ಪ, ಒಬ್ಬರು ಹಳೆಯ ಮೆತ್ತನೆಯ ಸೀರೆ ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದರು. ಮದುಮಗ ಎರಡನೆಯ ದಿನ ಸಂಜೆ ತನ್ನ ಮುಹೂರ್ತದ ಗಳಿಗೆಯಲ್ಲಿ ದಕ್ಕೆಯ ಗೂಟದ ಮೇಲೆ ಒಬ್ಬನೇ ಕೂತು ನೀರಿಗೆ ಕಲ್ಲು ಎಸೆಯುತ್ತಿದ್ದ. ಆ ಹುಡುಗಿಯನ್ನು ಆಮೇಲೆ ಬೇರೆ ಕಡೆ ಕೊಟ್ಟರೆಂದು ಕೇಳಿದೆ.

ಚೌಡಪ್ಪನವರನ್ನು ಮೊದಲನೆಯ ದಿನವೇ ದಿಬ್ಬದ ಪಕ್ಕ ಒಂದು ಧೂಪದ ಮರದ ಕೆಳಗೆ ಮಣ್ಣು ಮಾಡಿದರು. ಅವರನ್ನು ಸುತ್ತಲು ನಾನು ನನ್ನ ಜೋಲಿಯನ್ನು ಕೊಟ್ಟೆ. ನನ್ನ ಕೈಯ ಹೊಲಿಗೆ ಅದು, ಗಟ್ಟಿಯಾಗಿತ್ತು. ಅವರು ಒಂದು ದಕ್ಕೆಯಲ್ಲಿ ತಮಗಾಗಿ ಇಳಿದಿದ್ದು ಅದೇ ಮೊದಲು.

ಮೂರನೆಯ ದಿನ ಮಡ್ಡಿಯವರು ಬಂದರು. ಮೂರು ಮನೆಯ ಹೆಂಗಸರು ಸುಭದ್ರೆಯನ್ನು ಸುತ್ತಿಕೊಂಡರು, ನಾನು ಇದ್ದರೂ ಇಲ್ಲದಿದ್ದರೂ ಆಗುವಷ್ಟು ಕೈಗಳಾದವು. ಗಂಡಸರಲ್ಲಿ ಇಬ್ಬರು, ನಾವು ಹತ್ತುತ್ತೇವೆ ಸಾಹೇಬರೆ, ಎಂದು ಬಂದು ನಿಂತರು. ಒಬ್ಬರೇ ಸಾಕು, ಇನ್ನೊಂದು ನನ್ನದು, ಅಂದೆ ನಾನು. ಸಿದ್ದರಾಜು ಬೇಡವೆಂದ. ನೀಲಮ್ಮ ನನ್ನ ಮುಖ ನೋಡಿದಳು. ನನ್ನನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ಆ ಮನುಷ್ಯನ ಗಂಜಿಯ ಮೇಲೆ, ಉಸಿರಿನ ಮೇಲೆ, ಸಾವಿನ ಮೇಲೆ ಕಾಲಿಟ್ಟು ನಾನು ದಂಡೆ ಹತ್ತಿದ್ದೆ. ಅವರ ಜಾಗಕ್ಕೂ ಒಬ್ಬರು ಹೋಗದಿದ್ದರೆ ಹೇಗೆ?

ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಮೂರು ದಿನಕ್ಕೇ ಹೆಬ್ಬೆರಳು ಹಿಡಿಯುವುದನ್ನು ಕಲಿತಿತ್ತು. ಐದು ದಿನ ಹೋಗಿ, ತಲೆದಕ್ಕೆ ನೋಡಿ, ವಾಪಸು ಬರುವ ಲಾಂಚಿನಲ್ಲಿ ಬರುತ್ತೇನೆ, ಹತ್ತಲು ಜನ ಇಟ್ಟಿರು, ಅಂದೆ ಸುಭದ್ರೆಗೆ. ಅವಳಿಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು.

"ನೀನು ಇಳಿದ್ಯಲ್ಲ ಅಮ್ಮ," ಅಂದಳು. "ಹೋಗಿ ಬಾ."

ಹಲಗೆಯ ಬಾಯಲ್ಲಿ ಬುಡನ್ ಸಾಹೇಬರು ನಿಂತಿದ್ದರು. ಮಡ್ಡಿಯವನೊಬ್ಬ ನನ್ನ ಮುಂದೆ ಹತ್ತಿ ಹದಿನೇಳಾದ. ನಾನು ತಲೆ ಬಗ್ಗಿಸಿದೆ. ಅವರ ಕೈ ನನ್ನ ನೆತ್ತಿಯ ಮೇಲೆ ಸ್ವಲ್ಪ ಹೆಚ್ಚು ಹೊತ್ತೇ ಇತ್ತು. ಹದಿನೆಂಟು, ಅಂದರು. ಮೂರು ದಿನ ಕಲ್ಲಿನ ಹಾಗೆ ನಿಂತಿದ್ದ ಲಾಂಚು ಒಂದೇ ಸೀಟಿಗೆ ಮೆಲ್ಲಗೆ ಬಿಟ್ಟುಕೊಂಡಿತು. ದಂಡೆಯ ಮೇಲೆ ಸಿದ್ದರಾಜು ಮಗುವನ್ನು ಎತ್ತಿ ಹಿಡಿದಿದ್ದ, ಹೊಳೆ ತಿರುಗುವವರೆಗೂ ಕಾಣುತ್ತಿತ್ತು.

ನನ್ನ ಜೋಲಿ ಮಣ್ಣಿನಲ್ಲಿತ್ತು, ಹಾಗಾಗಿ ಚೌಡಪ್ಪನವರ ಜೋಲಿಯಲ್ಲೇ ಕೂತೆ. ತಲೆಯ ಕಡೆ ನಾನೇ ಬಿಗಿದಿದ್ದ ಹಗ್ಗ ಹಾಗೆಯೇ ಇತ್ತು. ಅವರ ಎಲೆಯಡಿಕೆಯ ಚೀಲವನ್ನು ಮಡಿಲಿಗೆ ಹಾಕಿಕೊಂಡೆ. ನೀಲಮ್ಮ ಪಕ್ಕದ ಜೋಲಿಯಲ್ಲಿ ಆ ಕಡೆ ತಿರುಗಿ ಮಲಗಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೀರೆಯ ನಿರಿಗೆ ಸರಿಸಿ ನನ್ನ ಕಣಕಾಲನ್ನು ಹೆಬ್ಬೆರಳಿಂದ ಒತ್ತಿದೆ. ಗುಳಿ ಬಿತ್ತು. ಅದು ತುಂಬಿಕೊಳ್ಳುವವರೆಗೂ ನೋಡುತ್ತ ಕೂತೆ.